ಅರ್ಧ ಗಂಟೆಯ ಹಸಿರು ದೀಪ

ಅಕ್ಕ,

ನೀನು ಹೋಗಿ ಹನ್ನೊಂದು ತಿಂಗಳಾಯಿತು. ಓದುವವರಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಇವತ್ತು ನಮ್ಮ ಕಂಪನಿಯ ಮೆಸೇಜ್ ಆ್ಯಪ್ ಬಳಸುವ ಟೈಲರಮ್ಮ ಒಬ್ಬರನ್ನು ಆಫೀಸಿಗೆ ಕರೆಸಿ ಮಾತಾಡಿಸಿದೆ. ದಿನಕ್ಕೆ ನಲವತ್ತು ಸಲ ಅದನ್ನು ತೆರೆಯುತ್ತಾರೆ, ಒಂದು ಮೆಸೇಜೂ ಕಳಿಸುವುದಿಲ್ಲ.

“ಮತ್ತೆ ಏನು ನೋಡ್ತೀರಮ್ಮ?”

“ತಮ್ಮನ ಹೆಸರ ಪಕ್ಕ ಹಸಿರು ದೀಪ ಇರುತ್ತಲ್ಲ, ಅದನ್ನ. ಒಬ್ಬನೇ ಇರ್ತಾನೆ, ಹುಷಾರಿಲ್ಲ. ದೀಪ ಇದ್ರೆ ಚೆನ್ನಾಗಿದಾನೆ ಅಂತ ಹೊಲಿಗೆಗೆ ಕೂರ್ತೀನಿ.”

ಫೋನ್ ಕೆಳಗಿಟ್ಟ ಮೇಲೂ ಅರ್ಧ ಗಂಟೆ ಆ ದೀಪ ಉರಿಯಲಿ ಎಂದು ತೀರ್ಮಾನಿಸಿದವನು ನಾನೇ. ಜನ ಇದ್ದಂತೆ ಕಂಡರೆ ಇನ್ನಷ್ಟು ಜನ ಬರುತ್ತಾರೆ. ಲೆಕ್ಕ ಸರಿಯಾಗಿಯೇ ಇತ್ತು, ಬಡ್ತಿಯೂ ಸಿಕ್ಕಿತು. ನೀನು ತೀರಿಹೋದ ಮಧ್ಯಾಹ್ನ ನಿನ್ನ ಹೆಸರ ಪಕ್ಕವೂ ಹಸಿರಿತ್ತು. ನೋಡಿಕೊಂಡು ಮೀಟಿಂಗಿಗೆ ಹೋದೆ.

ಬಳಸುವವರನ್ನು ಕೇಳಬೇಕೇ ಹೊರತು ಅವರಿಗೆ ಏನೂ ಹೇಳಿಕೊಡಬಾರದು ಎಂಬುದು ನಮ್ಮ ಕೆಲಸದ ಕಟ್ಟಳೆ. ಆ ಅರ್ಧ ಗಂಟೆಯ ವಿಷಯ ನಾನು ಹೇಳಿಬಿಟ್ಟೆ.

“ಅಯ್ಯೋ ಪುಣ್ಯಾತ್ಮ, ಇದನ್ನ ಮೊದಲೇ ಹೇಳೋಕೇನಾಗಿತ್ತು!” ಎಂದು ಆಕೆ ಅಲ್ಲೇ ತಮ್ಮನಿಗೆ ಫೋನ್ ಮಾಡಿದರು. ರಿಂಗಾಗಿ ನಿಂತಿತು. ಎರಡನೆಯ ಸಲವೂ ಹಾಗೇ. ಕೋಣೆಯ ಗಾಜಿನಾಚೆ ಮ್ಯಾನೇಜರ್ ಸಾಕು ನಿಲ್ಲಿಸು ಎಂದು ಕೈಸನ್ನೆ ಮಾಡುತ್ತಿದ್ದರು. ನಾನು ಆ ಕಡೆ ತಿರುಗಲಿಲ್ಲ. ಮೂರನೆಯ ಸಲ ನಿದ್ದೆ ತುಂಬಿದ ದನಿ ಬಂತು. “ಏನಕ್ಕ, ಏನಾಯ್ತು?”

“ಏನಿಲ್ಲ ಕಣೋ, ಸುಮ್ನೆ ಮಾಡ್ದೆ,” ಎಂದು ಆಕೆ ಅತ್ತರು.

ಆ ಅರ್ಧ ಗಂಟೆಯನ್ನು ತೆಗೆಯೋಣ ಎಂದು ನಾಳೆ ಮೀಟಿಂಗಿನಲ್ಲಿ ಹೇಳುತ್ತೇನೆ. ಮಾತಿನಿಂದಲೇ ಮೇಲೆ ಬಂದವನು, ಒಪ್ಪಿಸಿಯೇನು. ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಟೈಲರಮ್ಮನ ವಿಷಯ ಹೇಳುತ್ತೇನೆ. ನಿನ್ನ ಸುದ್ದಿ ಎತ್ತುವುದಿಲ್ಲ, ಅಕ್ಕ.