ಇವರ ಮೊದಲ ಭಾಷೆ

ಜೂನ್ ೪, ಬೆಳಿಗ್ಗೆ
ಇವರಿಗೆ ಶೇವ್ ಮಾಡಿಸಿ, ಹಾಲು ಕುಡಿಸಿದೆ. ಬಲಗೈ ಇನ್ನೂ ಮರದ ಕೊರಡು. ಸ್ಟ್ರೋಕ್ ಆದಾಗಿನಿಂದ ಬಾಯಲ್ಲಿ ಬರೀ 'ಆ... ಆ...'. ಮಾತು ಕಲಿಸುವ ಥೆರಪಿ ಹುಡುಗಿ ಬಂದಳು. ಕೂರುವ ಮೊದಲೇ ಪ್ರಶ್ನೆ.
"ಅಮ್ಮಾ, ಸಾರ್‌ಗೆ ಮೊದಲ ಭಾಷೆ ಯಾವುದು?"
"ನಾವು ಆಡೋದೇ."
"ಮನೆ ಭಾಷೆ ಕೇಳ್ತಿಲ್ಲ. ಚಿಕ್ಕೋರಿದ್ದಾಗ ತಾಯಿ ಹತ್ರ ಆಡಿದ್ದು?"
"ಅದೇ," ಅಂದೆ. ಇವರು ಮನೆ ಅಳಿಯ. ತಮ್ಮ ಭಾಷೆಯನ್ನು ಹೊಸಿಲಾಚೆ ಬಿಟ್ಟೇ ಒಳಗೆ ಬಂದವರು. ಈಗೇಕೆ ಅದು?

ಜೂನ್ ೧೯
ದಿನಾ ಚಿತ್ರದ ಕಾರ್ಡು. ಲೋಟ, ಬಾಗಿಲು, ಬೆಕ್ಕು. ಹುಡುಗಿ ನಮ್ಮ ಭಾಷೆಯಲ್ಲಿ ಹೇಳಿಸುತ್ತಾಳೆ. ಅವಳು ಹೋದಮೇಲೆ ನಾನೂ ಕಾರ್ಡು ಹಿಡಿದು ಕೂರುತ್ತೇನೆ. ಒಂದೂ ಹೊರಡದು. ಬೆವರುತ್ತಾರೆ. ಇಂದು ಎಡಗೈಯಲ್ಲಿ ಕಾರ್ಡು ಎಸೆದರು.
"ಇಷ್ಟೊತ್ತಿಗೆ ಒಂದೆರಡು ಪದ ಬರಬೇಕಿತ್ತು," ಅಂದಳು ಹುಡುಗಿ. ನಾನು ಕಾರ್ಡು ಆರಿಸುತ್ತಿದ್ದೆ.

ಜೂನ್ ೨೭
ನಾದಿನಿ ಬಂದಳು, ಹೇಳದೆ ಕೇಳದೆ. ಅಣ್ಣನ ಕೆನ್ನೆ ಹಿಂಡಿ ತಮ್ಮ ಭಾಷೆಯಲ್ಲಿ ಏನೋ ರೇಗಿಸಿದಳು. ಇವರು ನಕ್ಕರು. ಆಮೇಲೆ — ಮಾತು! ತೊದಲು, ಆದರೆ ಪೂರ್ತಿ ವಾಕ್ಯ. ನನ್ನತ್ತ ಕೈ ತೋರಿಸಿ ಇನ್ನೊಂದು.
"ಏನಂದ್ರು?"
"ಏನಿಲ್ಲ ಬಿಡಿ ಅತ್ತಿಗೆ."
"ಹೇಳೇ."
"ಆ ಕಾರ್ಡು ಹಿಡ್ಕೊಂಡು ಬರಬೇಡ ಅಂತ ಇವಳಿಗೆ ಹೇಳು, ಅಂದ." ಸೆರಗಿನಿಂದ ಅಣ್ಣನ ಗಲ್ಲ ಒರೆಸಿದಳು. "ಮಾತು ಮರೆತಿಲ್ಲ ಇವನು. ನಿಮ್ಮ ಮಾತು ಮರೆತಿದಾನೆ, ಅಷ್ಟೆ."

ಜೂನ್ ೨೮
ಥೆರಪಿ ಹುಡುಗಿಗೆ ನಾದಿನಿಯಿಂದ ಎಲ್ಲ ತಿಳಿಯಿತು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
"ಸದ್ಯ ಅವರ ಮಾತೃಭಾಷೆ ಒಂದನ್ನೇ ಹಿಡಿಯೋಣ ಅಮ್ಮಾ. ನಿಮ್ಮದು ಅವರಿಗೆ ಎರಡನೇ ಭಾಷೆ. ನಾದಿನಿಯವರು ಇಲ್ಲೇ ಇದ್ರೆ ನಿಮಗೆ ಅನುವಾದ ಮಾಡ್ತಾರೆ."
ನನ್ನ ಗಂಡನ ಮಾತು ನನಗೆ ಅನುವಾದವಾಗಿ ಬರಬೇಕೆ! ಅದೂ ಇವಳ ಬಾಯಿಂದ! ಈ ಮನೆಯಲ್ಲಿ ನನ್ನದು ಯಾವುದೂ ಎರಡನೆಯದಾಗಿರಲಿಲ್ಲ.
"ಯೋಚಿಸಿ ಹೇಳ್ತೀನಿ," ಅಂದೆ. ಸಂಜೆ ನಾದಿನಿಯನ್ನು ಬಸ್ ಹತ್ತಿಸಿದೆ. ಇವರು ಬಾಗಿಲ ಕಡೆಗೇ ನೋಡುತ್ತಿದ್ದರು.

ಜುಲೈ ೧೭, ಆಸ್ಪತ್ರೆ
ಮೊನ್ನೆ ಮತ್ತೆ ಸ್ಟ್ರೋಕ್. ಕಣ್ಣು ತೆರೆದಿವೆ, ಅಷ್ಟೇ. ನಾನೇ ಫೋನ್ ಮಾಡಿ ನಾದಿನಿಯನ್ನು ಕರೆಸಿದೆ. ಬೆಳಗಿನಿಂದ ಕಿವಿಯ ಹತ್ತಿರ ಕೂತು ಮಾತಾಡಿದಳು. ರೇಗಿಸಿದಳು, ಬೈದಳು. ಇವರು ತಿರುಗಲಿಲ್ಲ.
"ಕೇಳಿಸ್ತಿಲ್ಲ ಅತ್ತಿಗೆ."
"ಕೇಳಿಸುತ್ತೆ. ನಿಲ್ಲಿಸಬೇಡ."
"ನನ್ನದೆಲ್ಲ ಮುಗೀತು. ನಿಮ್ಮದೇನಾದ್ರೂ ಇದ್ರೆ ಹೇಳಿ, ನಮ್ಮ ಭಾಷೇಲಿ ಹೇಳ್ತೀನಿ."
ಬಾಯಿ ತೆರೆದೆ, ಹೊರಡಲಿಲ್ಲ. ಬರೆದುಕೊಂಡಾದರೂ ಹೇಳೋಣವೆಂದು ಕೂತೆ. ಅವಳು ಕಾಯುತ್ತಿದ್ದಾಳೆ.

ಇವರಿಗೆ ಹೇಳು, ನಾನು