ನೋಡ್ಕೋತೀನಿ ಎಂಬ ಮಂತ್ರ

ದಾವಣಗೆರೆ, ಮಾಘದ ಮೂವತ್ತಾರನೇ ದಿನ, ೨೨೩೧

ಹಾಡುಗಾರ ತಿಪ್ಪೇಶನಿಗೆ ಸೂಲಗಿತ್ತಿ ಹಾಲಮ್ಮ ಬರೆಯುವುದು. ನಮ್ಮ ತಿಂಗಳು ಉದ್ದ, ನಮ್ಮ ಮಾತು ನಿನಗೆ ಸೊಟ್ಟ ಎನಿಸೀತು, ಹೊಟ್ಟೆಗೆ ಹಾಕಿಕೋ. ನೀನು ನನಗಿಂತ ಇನ್ನೂರು ವರ್ಷ ಹಿರಿಯ, ಆದರೆ ಈ ಹಾಡು ಕಟ್ಟಿದಾಗ ಇಪ್ಪತ್ತೆರಡರವನು. ಬಹುವಚನ ಕೊಡುವ ಮನಸ್ಸಿಲ್ಲ.

ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಗಿಟಾರಿನ ತಂತಿ ಹರಿಯುವಂತೆ ಬಾರಿಸುತ್ತಾ ನೀನು ಕಿರುಚಿದ ಆ ಪಂಕ್ ಹಾಡು ಇಂದು ನಮ್ಮೂರಿನ ಮದುವೆ ಮಂತ್ರ. ಎದುರುಮನೆ ಕಿಟಕಿಯಲ್ಲಿ ತಲೆ ಬಾಚುವ ಹುಡುಗಿ, ಪರದೆಯ ಹಿಂದೆ ನಿಂತು ಆಸೆಯಿಂದ ಅವಳನ್ನೇ ನೋಡುವವನು, ಪ್ರತಿ ಚರಣದ ಕೊನೆಗೆ "ನಿನ್ನ ನೋಡ್ಕೋತೀನಿ" ಎಂಬ ಕೂಗು. ನಿಮ್ಮ ಕಾಲದಲ್ಲಿ ಆ ಮಾತಿಗೆ ಆರೈಕೆಯೂ ಅರ್ಥ, ಧಮಕಿಯೂ ಅರ್ಥವಂತೆ. ನಮ್ಮ ಹಿರಿಯರು ಆರೈಕೆಯನ್ನಷ್ಟೇ ಹಿಡಿದರು. ವರ ಅದನ್ನು ಹಾಡುತ್ತಾ ಮದುಮಗಳ ಕೋಣೆಯ ಗೋಡೆಗೆ ನಿಗಾಮಣಿ ಅಂಟಿಸುತ್ತಾನೆ. ಕಡಲೆ ಗಾತ್ರದ ಗಾಜು ಅದು. ಅವಳು ಉಂಡದ್ದು, ಅತ್ತದ್ದು, ಸೀರೆ ಬದಲಿಸಿದ್ದು ಎಲ್ಲ ಅವನ ಅಂಗೈಯಲ್ಲಿ ಕಾಣುತ್ತದೆ. ನನ್ನ ಕೋಣೆಯಲ್ಲಿ ನಲವತ್ತೊಂದು ವರ್ಷ ಇತ್ತು. ಗಂಡ ತೀರಿಕೊಂಡ ಮೇಲೆ ಕಿತ್ತೆಸೆದೆ, ಆದರೂ ಆ ಗೋಡೆಗೆ ಬೆನ್ನು ಮಾಡಿಯೇ ರವಿಕೆ ತೊಡುತ್ತೇನೆ. ಪ್ರೀತಿಯಂತೆ, ಯಾವ ಸುಡುಗಾಡು ಪ್ರೀತಿ?

ಕದ್ದು ನೋಡುವವನನ್ನು ಹಂಗಿಸಲೆಂದೇ ನೀನು ಬರೆದೆ ಎಂದು ಓದಿದವರು ವಾದಿಸುತ್ತಾರೆ. ಇರಬಹುದು. ಆದರೂ ಮೂರು ಚರಣದಲ್ಲಿ ಅವಳಿಗೆ ಒಂದೇ ಒಂದು ಮಾತು ಕೊಡಲು ನಿನಗೇನಾಗಿತ್ತು ರೋಗ? ಹಾಡಿನಲ್ಲಿ ಅವಳು ಬಾಯಿ ಬಿಡಲಿಲ್ಲ, ಹಾಗಾಗಿ ಮದುವೆಯಲ್ಲೂ ಮದುಮಗಳು ಬಾಯಿ ಬಿಡಬಾರದು ಎಂಬುದು ಇಲ್ಲಿನ ಕಟ್ಟಳೆ.

ಬರುವ ಗುರುವಾರ ನನ್ನ ಮೊಮ್ಮಗಳು ಹೊನ್ನಿಯ ಮದುವೆ. ವರ ಕೆಟ್ಟವನಲ್ಲ, ಇವಳಿಗೂ ಅವನೆಂದರೆ ಪ್ರಾಣ. ನಿನ್ನೆ ಮಂಡಕ್ಕಿ ಕಲಸುತ್ತಾ ಮೆಲ್ಲಗೆ ಅಂದಳು: "ಅವ್ನು ನನ್ನ ನೋಡ್ಲಿ ಅಜ್ಜಿ, ನಂಗೂ ಇಷ್ಟನೇ. ಆದ್ರೆ ನಾನು ಕರೆದಾಗ ನೋಡ್ಲಿ." ಇಷ್ಟು ಹೇಳಲು ಆ ಮಂಟಪದಲ್ಲಿ ಅವಳಿಗೆ ಜಾಗವಿಲ್ಲ.

ಅದಕ್ಕೇ ಮರಳಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಈ ಕಾಗದ ಹಾಕುತ್ತಿದ್ದೇನೆ. ಹಾಡು ಇನ್ನೂ ರೆಕಾರ್ಡ್ ಆಗಿಲ್ಲದಿದ್ದರೆ ನಾಲ್ಕನೇ ಚರಣ ಬರೆ. ಹುಡುಗಿ ಬಾಚಣಿಗೆ ಕೆಳಗಿಟ್ಟು, ಕಿಟಕಿ ಮುಚ್ಚಿ, ನಿನಗಿಂತ ಜೋರಾಗಿ ಕೂಗಲಿ: "ನನ್ನ ನಾನೇ ನೋಡ್ಕೋತೀನಿ."

ನೀನು ಬರೆಯದಿದ್ದರೆ ಗುರುವಾರ ಮಂಟಪದಲ್ಲಿ ನಾನೇ ಕೂಗುತ್ತೇನೆ, ಹೊನ್ನಿಯ ಕೈ ಹಿಡಿದುಕೊಂಡು. ಮಂತ್ರ ಕೆಡಿಸಿದವರನ್ನು ಊರು ಹೊರಗಿಡುತ್ತದೆ, ಇಡಲಿ. ಎಪ್ಪತ್ತರ ಗಂಟಲು, ಶ್ರುತಿ ಸೇರುವುದಿಲ್ಲ. ನಿನ್ನಂಥವರ ಹಾಡಿಗೆ ಅದು ಬೇಕಾಗಿಯೂ ಇಲ್ಲವಂತೆ.