ಹತ್ತು ಹುಳುವಿನ ಪರೀಕ್ಷೆ

ಜಂಗಮಕೋಟೆ
೧೨ ನವೆಂಬರ್ ೨೦೨೪

ಮುದ್ದು ಶಿರೀಷಾ,

ಹೇಗಿದ್ದೀಯಮ್ಮ? ಕೆಮ್ಮು ಹೋಯಿತೋ ಇಲ್ಲವೋ? ಹಾಸ್ಟೆಲಿನ ಸಾರಿನಲ್ಲಿ ಮೆಣಸೇ ಇರುವುದಿಲ್ಲ ಎಂದಿದ್ದೆಯಲ್ಲ, ಅದಕ್ಕೇ ಈ ಪೊಟ್ಟಣದಲ್ಲಿ ಸಾರಿನ ಪುಡಿಯನ್ನೂ ಇಟ್ಟಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ತಾತನ ಮಂಡಿನೋವು ನಾನು ಕೆಲಸ ಹೇಳಿದಾಗ ಮಾತ್ರ ಬರುತ್ತದೆ. ರೇಷ್ಮೆಹುಳುಗಳು ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದಿವೆ, ಈಗ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂ ಹೂಂ ಎನ್ನುತ್ತ ಬೇರೇನೋ ನೋಡುತ್ತಿರುತ್ತೀಯ. ಕಾಗದವಾದರೆ ಕೂತು ಓದುತ್ತೀಯ.

ನೀನು ಕಳಿಸಿದ ಕಾದಂಬರಿಯನ್ನೂ ಅದರ ಮೇಲೆ ನೀನು ಬರೆದ ಲೇಖನವನ್ನೂ ಓದಿ ಮುಗಿಸಿದೆ. ಪರಿಸರ ಸ್ತ್ರೀವಾದ ಎಂಬ ತಲೆಬರಹ ನೋಡಿ, ಎಸ್ಸೆಸ್ಸೆಲ್ಸಿ ಓದಿದವಳಿಗೆ ಇದು ದಕ್ಕೀತೇ ಎಂದು ಮೊದಲು ಹೆದರಿದೆ. ದಕ್ಕಿತು ಕಣೇ. ನಾಯಕಿ ನಮ್ಮ ಹಾಗೆಯೇ ಹುಳು ಸಾಕುವವಳು. ಪಕ್ಕದ ಟೊಮೆಟೊ ತೋಟಕ್ಕೆ ಔಷಧಿ ಹೊಡೆದ ಮೇಲೆ, ಬೇಲಿ ಸಾಲಿನ ಸೊಪ್ಪನ್ನು ಹತ್ತು ಹುಳುವಿಗೆ ಮಾತ್ರ ಹಾಕಿ ಸಂಜೆಯವರೆಗೆ ಕಾಯುತ್ತಾಳೆ. ಹತ್ತೂ ಒದ್ದಾಡಿ ಸಾಯುತ್ತವೆ. ಆ ಸಾಲು ಕೊಯ್ಯಬೇಡಿ ಎಂದರೆ ಗಂಡ ಕೇಳುವುದಿಲ್ಲ, ಇಡೀ ಬೆಳೆ ಹೋಗುತ್ತದೆ. ನಾನಾಗಿದ್ದರೆ ಅಯ್ಯೋ ಪಾಪ ಎಂದು ಪುಸ್ತಕ ಮುಚ್ಚಿಡುತ್ತಿದ್ದೆ. ನೀನು, ನೆಲದ ಮಾತು ಕೇಳದ ಕಿವಿಯೇ ಹೆಣ್ಣಿನ ಮಾತನ್ನೂ ಕೇಳುವುದಿಲ್ಲ ಎಂದು ಬರೆದೆ. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದವರಿಗೆಲ್ಲ ಆ ಸಾಲನ್ನು ಗಟ್ಟಿಯಾಗಿ ಓದಿದೆ. ಪಕ್ಕದ ಮನೆ ಲಕ್ಷ್ಮಿದೇವಮ್ಮನಿಗೆ ಖುಷಿಯಾದರೆ ಬಾಯಲ್ಲಿ ತೆಲುಗೇ ಬರುವುದು. "ಬಾಗಾ ರಾಸಿಂದಮ್ಮಾ ಪಿಲ್ಲ," ಎಂದು ನಿನ್ನ ಬರವಣಿಗೆಯನ್ನು ಹೊಗಳಿದಳು. ನನ್ನ ಮೊಮ್ಮಗಳು ಎಂದು ಎಷ್ಟು ಹೆಮ್ಮೆಯಾಯಿತೆಂದರೆ, ಇನ್ನೊಂದು ಸಲ ಓದಿದೆ. ಅವರೇನೂ ಮತ್ತೆ ಓದು ಎಂದಿರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಹೆಣ್ಣು ಪ್ರಕೃತಿಯ ಮಗಳು, ವಿಷದ ಸೊಪ್ಪು ಅವಳಿಗೆ ಹುಟ್ಟಿನಿಂದಲೇ ತಿಳಿಯುತ್ತದೆ ಎಂದು ಸೇರಿಸಲು ಹೇಳಿದ್ದಾರೆ. ಸೇರಿಸದಿದ್ದರೆ ಅವರು ಮುನಿಸಿಕೊಂಡು, ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕಾದ ಲೇಖನವನ್ನು ತಡೆದಾರು ಎಂಬುದು ನಿನ್ನ ಭಯ. ತಡೆದರೆ ತಡೆಯಲಿ, ಸೇರಿಸಬೇಡ. ನಾನು ಈ ಮನೆಗೆ ಬಂದ ಎರಡನೇ ವರ್ಷ, ಪಕ್ಕದವರು ಹೂವಿನ ತೋಟಕ್ಕೆ ಔಷಧಿ ಹೊಡೆದ ಮಾರನೆಯ ದಿನವೇ ಬೇಲಿ ಸಾಲಿನ ಸೊಪ್ಪು ಕೊಯ್ದು ಎಲ್ಲ ತಟ್ಟೆಗೂ ಹಾಕಿದೆ. ಒಂದು ಹುಳುವೂ ಉಳಿಯಲಿಲ್ಲ. ಆಗಲೂ ನಾನು ಹೆಣ್ಣೇ, ಆದರೂ ಏನೂ ಹೊಳೆಯಲಿಲ್ಲ! ನಮ್ಮತ್ತೆ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಹುಳುವಿನ ಪರೀಕ್ಷೆ ಕಲಿಸಿದರು. ಮೇಷ್ಟ್ರ ಮಾತು ಕೇಳಿ ಲಕ್ಷ್ಮಿದೇವಮ್ಮ, "ಹುಟ್ತಾನೇ ಕಲ್ತು ಬಂದಿದ್ರೆ ನಿಮ್ಮತ್ತೆ ಕೈಲಿ ಯಾಕಮ್ಮ ಅಷ್ಟು ಬೈಸ್ಕೊಂತಿದ್ದೆ?" ಎಂದು ನಕ್ಕಳು. ಓದಿದವರು ಲ್ಯಾಬಿನಲ್ಲಿ ಮಾಡಿದರೆ ಪ್ರಯೋಗ, ನಾವು ಮೊರದಲ್ಲಿ ಮಾಡಿದರೆ ಹುಟ್ಟುಗುಣವೇ? ಅದು ನಾವು ಕಲಿತ ವಿದ್ಯೆ ಎಂದೇ ಬರೆ. ಮೇಷ್ಟ್ರಿಗೆ ಗೌರವದಿಂದಲೇ ಹೇಳು. ಒಪ್ಪದಿದ್ದರೆ ಇಲ್ಲಿಗೆ ಕರೆದುಕೊಂಡು ಬಾ, ಕಾಲು ತೊಳೆದು ಹುಳುಮನೆಯೊಳಗೆ ಬರಲಿ, ನಾನೇ ತೋರಿಸುತ್ತೇನೆ.

ನಿನ್ನ ಹಾಳೆಗಳಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಒಂದು ಕಡೆ ಹಸಿರು ಕಲೆಯಿದೆ, ಅದು ಸೊಪ್ಪಿನದು, ಬೇಜಾರು ಮಾಡಿಕೊಳ್ಳಬೇಡ. ತಾತ ನಿನ್ನನ್ನು ಕೇಳಿದ್ದಾರೆ. ಹೊಟ್ಟೆತುಂಬ ಉಂಡು, ಯಾರಿಗೂ ಅಂಜದೆ ಕೈತುಂಬ ಬರೆ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಜ್ಜಿ
ಶ್ಯಾಮಲಮ್ಮ

ಮರೆತಿದ್ದೆ: ಕೊರಿಯರ್ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮರೆತಿದ್ದೆ ಎಂಬುದೂ ಸುಳ್ಳು, ಮೂರು ದಿನದಿಂದ ಅದೇ ತಲೆಯಲ್ಲಿದೆ. ಲೇಖನದ ಮೊದಲ ಪುಟದಲ್ಲಿ ಕೃತಜ್ಞತೆ ಹೇಳುವಾಗ, ರೇಷ್ಮೆ ಬೆಳೆಗಾರರಾದ ತಾತ ಆವಲಪ್ಪನವರಿಗೆ, ಗೃಹಿಣಿಯಾದ ಅಜ್ಜಿ ಶ್ಯಾಮಲಮ್ಮನವರಿಗೆ ಎಂದು ಹಾಕಿದ್ದೀಯ. ಅಷ್ಟೆಲ್ಲ ಬರೆದ ನೀನೇ! ಓದಿ ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ. ಗೃಹಿಣಿ ಎಂಬುದನ್ನು ನಾನೇ ಹೊಡೆದುಹಾಕಿದ್ದೇನೆ. ತಾತ ನೋಡಿ, "ನಂದೂ ಹೊಡೆದಾಕ್ಬಿಡ್ತೀಯೇನೇ?" ಎಂದು ಮುಖ ಸಣ್ಣ ಮಾಡಿಕೊಂಡರು. ಅವರ ಹೆಸರು ಇರಲಿ, ರೇಷ್ಮೆಗೂಡನ್ನು ಮಾರುಕಟ್ಟೆಗೆ ಒಯ್ಯುವ ತಾತ ಎಂದು ಹಾಕು. ಬೆಳೆಯುವವಳು ನಾನು. ನಲವತ್ತಾರು ವರ್ಷದಿಂದ.